ನೆಮ್ಮದಿಗೂ ಡೆಡ್‌ಲೈನಾ?

ಕ್ಲಬ್‌ಗಳನ್ನು ಕುಣಿಸುತ್ತಿದ್ದ ಇಂಗ್ಲೆಂಡಿನ ಜಾನ್ ಹಾಪ್ಕಿನ್ಸ್ 2021ರಲ್ಲಿ ‘ಮ್ಯೂಸಿಕ್ ಫಾರ್ ಸೈಕೆಡೆಲಿಕ್ ಥೆರಪಿ’ ಆಲ್ಬಮ್ ತಂದ. ಅದರಲ್ಲಿ ಡ್ರಮ್ಮೇ ಇಲ್ಲ. ‘ಬೀಟಿಲ್ಲದ್ದೂ ಒಂದು ಸಂಗೀತಾನಾ?’ ಅಂತ ಮೂಗು ಮುರಿಯುವವರ ಜೊತೆ ನನಗೆ ಜಗಳವಿಲ್ಲ. ಅವರು ಕೇಳಿಯಾದರೂ ಬೈತಾರೆ. ನನ್ನ ತಕರಾರು ಇರೋದು ಅದನ್ನು ‘ಫೋಕಸ್’ ಪ್ಲೇಲಿಸ್ಟಿಗೆ ತುರುಕಿ ರಾತ್ರಿ 10ರವರೆಗೆ ಲ್ಯಾಪ್‌ಟಾಪ್ ಕುಟ್ಟುವವರ ಮೇಲೆ.

2018ರಲ್ಲಿ ಈಕ್ವೆಡಾರ್‌ನ ಟಾಯೋಸ್ ಗುಹೆಯೊಳಗೆ ಕಳೆದ ದಿನಗಳು ಆ ಆಲ್ಬಮ್ಮಿಗೆ ಪ್ರೇರಣೆ. ಗಂಟೆಗೂ ಮಿಕ್ಕಿದ ಆ ಮೌನವನ್ನು ಎಕ್ಸೆಲ್ ಶೀಟಿನ ಹಿಮ್ಮೇಳಕ್ಕೆ ಕೂರಿಸೋದು ಯಾವ ನ್ಯಾಯ?

‘ಆಂಬಿಯೆಂಟ್ ಇರೋದೇ ಹಿನ್ನೆಲೆಗೆ’ ಅಂತೀರಾ? 1978ರಲ್ಲಿ ಅದಕ್ಕೆ ಆ ಹೆಸರಿಟ್ಟ ಬ್ರಯಾನ್ ಈನೋ, ಕಡೆಗಣಿಸಲು ಆಗುವಷ್ಟೇ ಆಸಕ್ತಿ ಹುಟ್ಟಿಸುವಂತೆಯೂ ಅದು ಇರಬೇಕು ಅಂದಿದ್ದ. ನಾವು ಅರ್ಧ ಮಾತ್ರ ಇಟ್ಕೊಂಡಿದ್ದೀವಿ.

ವಿಶ್ರಾಂತಿಯನ್ನೂ ದುಡಿಮೆಗೆ ಹಚ್ಚಿದರೆ ಲಾಭ ಕಂಪನಿಗೆ, ಸುಸ್ತು ನಮಗೆ. ಲ್ಯಾಪ್‌ಟಾಪ್ ಮುಚ್ಚಿ, ಆಮೇಲೆ ಕೇಳ್ರಪ್ಪಾ.