ಪತ್ತೆದಾರಿಕೆ ಕಲಿಯಲು ದುಡ್ಡು ಕಟ್ಟಬೇಕೇ?

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವರಿಂದ ಹಿಡಿದು ‘ಬೆಲ್ ಬಾಟಂ’ ಸಿನಿಮಾ ನೋಡಿ ಬೆಳೆಯುತ್ತಿರುವವರವರೆಗೆ ಈ ಕಸುಬಿನ ಸೆಳೆತ ಕಡಿಮೆಯಾಗಿಲ್ಲ. ಆ ಸೆಳೆತವನ್ನೇ ನಂಬಿಕೊಂಡು ಆನ್‌ಲೈನ್ ತರಗತಿ, ಡಿಪ್ಲೊಮಾ, ಗುರುತಿನ ಚೀಟಿ, ‘ನೂರಕ್ಕೆ ನೂರು ಕೆಲಸ ಗ್ಯಾರಂಟಿ’ ಎಂಬ ಮಾರಾಟವೂ ನಡೆದಿದೆ. ನಮ್ಮ ದೇಶದಲ್ಲಿ ಖಾಸಗಿ ಪತ್ತೆದಾರನಾಗಲು ಕಾನೂನು ಯಾವ ತರಬೇತಿಯನ್ನೂ ಕೇಳುವುದಿಲ್ಲ, ಯಾವ ಪರವಾನಗಿಯನ್ನೂ ಕೊಡುವುದಿಲ್ಲ. ಹಾಗಿದ್ದಾಗ ಈ ಕಸುಬಿಗೆ ಕಾಲಿಡುವ ಹುಡುಗ ಹುಡುಗಿಯರು ಹಣ ಕಟ್ಟಿ ತರಬೇತಿ ಪಡೆಯಬೇಕೇ?

ಪರ: ಕಲಿಯದೆ ಬೀದಿಗಿಳಿದರೆ ಅಪಾಯ

ಕಾನೂನು ಕೇಳುವುದಿಲ್ಲ ಎಂದ ಮಾತ್ರಕ್ಕೆ ಕಸುಬೂ ಕೇಳುವುದಿಲ್ಲ ಎಂದಲ್ಲ. ಸಣ್ಣ ಡಿಟೆಕ್ಟಿವ್ ಏಜೆನ್ಸಿಗೆ ಸೇರಿದ ಹೊಸಬನ ಕೈಗೆ ಒಂದು ಫೋಟೊ, ಒಂದು ವಿಳಾಸ ಕೊಟ್ಟು ಬೈಕಿನಲ್ಲಿ ಕಳಿಸಿಬಿಡುವುದುಂಟು. ಹಿಂಬಾಲಿಸುವುದನ್ನು ಎಲ್ಲಿಗೆ ನಿಲ್ಲಿಸಬೇಕು, ಇನ್ನೊಬ್ಬರ ಕಾಂಪೌಂಡಿನೊಳಗೆ ಕಾಲಿಟ್ಟರೆ ಏನಾಗುತ್ತದೆ, ಸರ್ಕಾರಿ ನೌಕರನೆಂದು ಹೇಳಿಕೊಂಡು ವಿಷಯ ಕೇಳಬಹುದೇ ಎಂಬುದನ್ನು ಅವನಿಗೆ ಹೇಳುವವರಿಲ್ಲ. ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಂ ಪ್ರಕಾರ ಸರ್ಕಾರಿ ನೌಕರನಂತೆ ನಟಿಸುವುದು ಅಪರಾಧ. ಗಂಡಸೊಬ್ಬ ಹೆಣ್ಣಿನ ಇಂಟರ್‌ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದು 78ನೇ ಕಲಂ ಅಡಿ ಬರುತ್ತದೆ. ಸಿಕ್ಕಿಬಿದ್ದ ದಿನ ಕ್ಲೈಂಟ್ ಫೋನ್ ಎತ್ತುವುದಿಲ್ಲ. ಠಾಣೆಯಲ್ಲಿ ಕೂರುವವನು ಹುಡುಗನೇ.

ಕೆಲಸ ಮಾಡುತ್ತಾ ಮಾಡುತ್ತಾ ಎಲ್ಲ ಬರುತ್ತದೆ ಎನ್ನುವವರಿಗೆ ಥಾಣೆಯ ಪ್ರಕರಣ ನೆನಪಿಸಬೇಕು. 2018ರ ಆರಂಭದಲ್ಲಿ ಅಲ್ಲಿನ ಪೊಲೀಸರು ಮೊಬೈಲ್ ಕರೆಗಳ ವಿವರ, ಅಂದರೆ ಸಿಡಿಆರ್, ಅಕ್ರಮವಾಗಿ ಪಡೆದು ಮಾರಿದ ಆರೋಪದ ಮೇಲೆ ಖಾಸಗಿ ಪತ್ತೆದಾರರನ್ನು ಬಂಧಿಸಿದರು. ಅವರಲ್ಲಿ ದಶಕಗಳ ಅನುಭವ ಇದ್ದವರೂ ಇದ್ದರು. ಅನುಭವವೊಂದೇ ಕಾನೂನಿನ ಗೆರೆಯನ್ನು ತೋರಿಸಿಕೊಡುವುದಿಲ್ಲ.

ಆ ಗೆರೆ ಈಗ ಇನ್ನಷ್ಟು ಸೂಕ್ಷ್ಮವಾಗಿದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2025ರ ಜುಲೈ 14ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಗಂಡ ಹೆಂಡತಿಯ ಮಾತನ್ನು ಅವರಲ್ಲೊಬ್ಬರು ಗುಟ್ಟಾಗಿ ರೆಕಾರ್ಡ್ ಮಾಡಿದ್ದರೆ ಅದು ವೈವಾಹಿಕ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಬಹುದು ಎಂದಿತು. ಗಂಡನೇ ಮಾಡಿದ ರೆಕಾರ್ಡಿಂಗಿಗೂ, ಅವನು ನೇಮಿಸಿದ ಪತ್ತೆದಾರ ಆ ಮನೆಯಲ್ಲಿ ಮೈಕ್ ಇಟ್ಟು ಮಾಡಿದ್ದಕ್ಕೂ ಅಂತರವಿದೆ. ಅದನ್ನು ಇಪ್ಪತ್ತೊಂದರ ಹುಡುಗ ತಾನಾಗಿಯೇ ತಿಳಿದುಕೊಳ್ಳಲಿ ಎನ್ನುವುದು ನ್ಯಾಯವೇ?

ತಾಂತ್ರಿಕ ಕೌಶಲದ ಮಾತೂ ಇದೆ. ತೆಗೆದ ವಿಡಿಯೊ ಕೋರ್ಟಿನಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಫೈಲ್ ಬದಲಾಗಿಲ್ಲವೆಂದು ತೋರಿಸುವ ಸಂಕೇತ, ಬರೆಯಬೇಕು, ಒಂದು ಭಾಗಕ್ಕೆ ತಜ್ಞರ ಸಹಿ ಬೀಳಬೇಕು. ಇದನ್ನು ಅರಿತ ವಕೀಲರು ಅಥವಾ ನಿವೃತ್ತ ತನಿಖಾಧಿಕಾರಿ ಕೂರಿಸಿಕೊಂಡು ಹೇಳಿಕೊಟ್ಟರೆ ಅವರ ಸಮಯಕ್ಕೆ ಬೆಲೆ ಕೊಡುವುದು ತಪ್ಪಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 50 ಗಂಟೆಗಳ ತರಬೇತಿ ಮುಗಿಸಿ ಪರೀಕ್ಷೆ ಪಾಸಾಗದೆ ಪತ್ತೆದಾರನ ಪರವಾನಗಿ ಸಿಗುವುದಿಲ್ಲ. ಶುಲ್ಕ ಕಟ್ಟಿಯೇ ಕಲಿಯುತ್ತಾರೆ, ಯಾರೂ ಅದನ್ನು ಮೋಸ ಎನ್ನುವುದಿಲ್ಲ.

ಎಲ್ಲ ಕೋರ್ಸೂ ಒಳ್ಳೆಯದೆಂದು ನಾನು ವಾದಿಸುತ್ತಿಲ್ಲ. ಪಾಠ ಮಾಡುವವರ ಹೆಸರು, ಹಿನ್ನೆಲೆ ಮೊದಲೇ ತಿಳಿದಿರಬೇಕು. ಬರೆದ ವರದಿಯನ್ನು ತಿದ್ದಿಕೊಡಬೇಕು. ಕೆಲಸದ ಆಮಿಷ ಇರಬಾರದು. ಇಷ್ಟು ಕೊಡುವವರು ಸಿಕ್ಕರೆ, ಕೊಟ್ಟ ಹಣ ಮುಂದೆ ಒಂದು ಕ್ರಿಮಿನಲ್ ಕೇಸನ್ನೇ ತಪ್ಪಿಸಬಹುದು.

ವಿರೋಧ: ಬೀಗವೇ ಇಲ್ಲದ ಬಾಗಿಲಿಗೆ ಕೀಲಿಕೈ

ಕಾನೂನು ಅರಿಯದೆ ಈ ಕೆಲಸಕ್ಕೆ ಇಳಿಯಬಾರದು ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಜಾಹೀರಾತು ಹಾಕಿ ಮಾರುತ್ತಿರುವುದು ಹೆಚ್ಚಾಗಿ ಕಾನೂನಿನ ಪಾಠವನ್ನಲ್ಲ, ಸರ್ಟಿಫಿಕೇಟನ್ನು. ಆ ಸರ್ಟಿಫಿಕೇಟಿಗೆ ಬೆಲೆ ಕೊಡುವ ಸರ್ಕಾರಿ ಕಚೇರಿ ಈ ದೇಶದಲ್ಲಿ ಒಂದೂ ಇಲ್ಲ. ಖಾಸಗಿ ಪತ್ತೆದಾರಿ ಏಜೆನ್ಸಿಗಳಿಗೆ ಪರವಾನಗಿ ಕಡ್ಡಾಯ ಮಾಡುವ ಮಸೂದೆ 2007ರಲ್ಲಿ ರಾಜ್ಯಸಭೆಗೆ ಬಂತು. ಸ್ಥಾಯಿ ಸಮಿತಿಗೆ ಹೋಯಿತು, ವರ್ಷಗಟ್ಟಲೆ ಉಳಿಯಿತು, ಕಾಯ್ದೆಯಾಗದೆಯೇ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಒಂಟಾರಿಯೊದಲ್ಲಿ 50 ಗಂಟೆ ಕಲಿತವನಿಗೆ ಪರವಾನಗಿಯ ದಾರಿ ತೆರೆಯುತ್ತದೆ. ಇಲ್ಲಿ ಕಲಿತವನಿಗೆ ತೆರೆಯುವುದು ಏನು? ಆ ಹೋಲಿಕೆ ಇಲ್ಲಿಗೆ ಹೊಂದುವುದೇ ಇಲ್ಲ.

ಈ ಖಾಲಿ ಜಾಗವನ್ನು ಮುಚ್ಚಲು ಬೇರೆ ಕಾಯ್ದೆಯ ಹೆಸರನ್ನು ತರುತ್ತಾರೆ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ, ಜನರ ಬಾಯಲ್ಲಿ ‘ಪಸಾರಾ’, ಸೆಕ್ಯುರಿಟಿ ಗಾರ್ಡ್ ಒದಗಿಸುವವರಿಗೆ ಸಂಬಂಧಿಸಿದ್ದು. ಅದರ ಮಾದರಿ ನಿಯಮಗಳು ಗಾರ್ಡ್‌ಗೆ 100 ಗಂಟೆ ತರಗತಿ, 60 ಗಂಟೆ ಕ್ಷೇತ್ರ ತರಬೇತಿ ಹೇಳುತ್ತವೆ. ಪತ್ತೆದಾರನಿಗೂ ಅದಕ್ಕೂ ಸಂಬಂಧವಿಲ್ಲ. ‘ನಮ್ಮಲ್ಲಿ ಪಸಾರಾ ಲೈಸೆನ್ಸ್ ಇದೆ, ಹಾಗಾಗಿ ನಮ್ಮ ಡಿಟೆಕ್ಟಿವ್ ಕೋರ್ಸ್ ಸರ್ಕಾರಿ ಮಾನ್ಯತೆಯದ್ದು’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರಬೇಕು.

ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಗುರುತಿನ ಚೀಟಿಯ ವಿಷಯದಲ್ಲಿ. ‘ಬ್ಯೂರೊ’, ‘ಕ್ರೈಂ’, ‘ಇನ್ವೆಸ್ಟಿಗೇಷನ್’ ಎಂಬ ಪದಗಳು, ಕೆಂಪು ನೀಲಿ ಪಟ್ಟಿ, ಕೆಲವೊಮ್ಮೆ ನಾಲ್ಕು ಸಿಂಹದ ಲಾಂಛನ. ಹಳ್ಳಿಯಿಂದ ಬಂದ ಹುಡುಗ ಅದನ್ನು ಅಧಿಕಾರ ಎಂದೇ ನಂಬುತ್ತಾನೆ, ಮನೆಯವರಿಗೆ ತೋರಿಸುತ್ತಾನೆ, ಒಂದು ದಿನ ಯಾರದೋ ಬಾಗಿಲಲ್ಲಿ ಹಿಡಿಯುತ್ತಾನೆ. ರಾಷ್ಟ್ರ ಲಾಂಛನದ ದುರ್ಬಳಕೆಗೆ 2005ರದೇ ಇನ್ನೊಂದು ಕಾಯ್ದೆಯಡಿ ಎರಡು ವರ್ಷದವರೆಗೆ ಜೈಲಿದೆ. ಕೋರ್ಸ್ ಮಾರಿದವನು ಆ ಬಾಗಿಲ ಬಳಿ ಇರುವುದಿಲ್ಲ. ಅಪ್ಪ ಅಮ್ಮ ಸಾಲ ಮಾಡಿ ಕಟ್ಟಿದ ಶುಲ್ಕಕ್ಕೆ ಸಿಕ್ಕ ಚೀಟಿಯೇ ಮಗನನ್ನು ಆರೋಪಿಯಾಗಿಸುವುದು ಬಹಳ ಕ್ರೂರ.

ಪಾಠದ ತಿರುಳನ್ನೂ ನೋಡಬೇಕು. ಕರೆ ವಿವರ ತರಿಸುವುದು, ಇನ್ನೊಬ್ಬರ ಫೋನಿಗೆ ಗುಟ್ಟಾಗಿ ಆ್ಯಪ್ ಹಾಕುವುದು, ಅವರ ಕಾರಿಗೆ ಜಿಪಿಎಸ್ ಅಂಟಿಸುವುದು ‘ಅಡ್ವಾನ್ಸ್ಡ್ ಟ್ರಿಕ್ಸ್’ ಎಂಬ ಹೆಸರಿನಲ್ಲಿದ್ದರೆ ಅದು ಮೊದಲ ವಾದದವರು ಹೆದರುವ ಥಾಣೆಯ ದಾರಿಯೇ. ಕಾನೂನಿನ ಅಪಾಯವನ್ನು ತಪ್ಪಿಸಲು ತರಬೇತಿ ಬೇಕೆಂದಾಗ, ಆ ತರಬೇತಿ ಅಪಾಯವನ್ನೇ ಕಲಿಸುತ್ತಿದೆಯೇ ಎಂದು ಮೊದಲು ಕೇಳಬೇಕು.

ಪತ್ತೆದಾರಿಕೆಯ ದಿನನಿತ್ಯದ ಕೆಲಸ ಏನೆಂದು ಗೊತ್ತಿದ್ದರೆ ಈ ಜಾಹೀರಾತುಗಳಿಗೆ ಮರುಳಾಗುವುದು ಕಷ್ಟ. ಮದುವೆಗೆ ಮುಂಚಿನ ವಿಚಾರಣೆ, ಹೊಸ ನೌಕರರ ಹಿನ್ನೆಲೆ ಪರಿಶೀಲನೆ, ವಿಮಾ ಕ್ಲೇಮಿನ ಸತ್ಯಾಸತ್ಯತೆ, ಆಸ್ತಿ ವಿವರ. ಇವುಗಳಲ್ಲಿ ಬಹುಪಾಲು ಕಾಗದಪತ್ರ ಓದುವ, ಜನರ ಜೊತೆ ತಾಳ್ಮೆಯಿಂದ ಮಾತಾಡುವ, ನೋಡಿದ್ದನ್ನು ಬಣ್ಣ ಬಳಿಯದೆ ಬರೆಯುವ ಕೆಲಸ. ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಸಲಕರಣೆ ಯಾರಿಗಾದರೂ ಸಿಗುತ್ತದೆ. ರಾಜ್ಯದ ‘ಭೂಮಿ’ ಜಾಲತಾಣದಲ್ಲಿ ಸರ್ವೆ ನಂಬರ್ ಹಾಕಿ ಪಹಣಿ ನೋಡಬಹುದು. ‘ಕಾವೇರಿ’ಯಲ್ಲಿ ಶುಲ್ಕ ಕಟ್ಟಿ ಋಣಭಾರ ಪತ್ರ ಪಡೆಯಬಹುದು. ಇ-ಕೋರ್ಟ್ಸ್‌ನಲ್ಲಿ ಕಕ್ಷಿದಾರರ ಹೆಸರಿನಿಂದ ಮೊಕದ್ದಮೆ ಹುಡುಕಬಹುದು. ಕಂಪನಿಯ ನಿರ್ದೇಶಕರು ಯಾರೆಂದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣ ತೋರಿಸುತ್ತದೆ. 10 ರೂಪಾಯಿಗೆ ಮಾಹಿತಿ ಹಕ್ಕಿನ ಅರ್ಜಿ. ಅಪ್ಪನ ಜಮೀನಿನದೇ ಪಹಣಿ ತೆಗೆದು, ಹಿಂದಿನ ಮ್ಯುಟೇಶನ್‌ಗಳನ್ನು ಒಂದೊಂದಾಗಿ ಹಿಡಿದು, ಯಾವ ವರ್ಷ ಯಾರ ಹೆಸರಿನಿಂದ ಯಾರ ಹೆಸರಿಗೆ ಬಂತೆಂದು ಎರಡು ಪುಟದ ವರದಿ ಬರೆದವನಿಗೆ ಕಸುಬಿನ ಅರ್ಧ ಸ್ವಭಾವ ತಿಳಿದಂತೆ.

ಉಳಿದರ್ಧ ಸಂಬಳ ಪಡೆದೇ ಕಲಿಯುವಂಥದ್ದು. ಬೆಂಗಳೂರಿನ ಐಟಿ ಕಂಪನಿಗಳ ನೇಮಕಾತಿಗಾಗಿ ವಿಳಾಸ, ಹಳೆಯ ಉದ್ಯೋಗ, ಅಂಕಪಟ್ಟಿ ಪರಿಶೀಲಿಸುವ ಸಂಸ್ಥೆಗಳು ಅನುಭವವಿಲ್ಲದವರನ್ನೂ ತೆಗೆದುಕೊಳ್ಳುತ್ತವೆ. ಮೋಟಾರು ಅಪಘಾತದ ಪ್ರಕರಣ ನಡೆಸುವ ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿ ಕೂತರೆ ಎಫ್‌ಐಆರ್, ಮಹಜರು, ಗಾಯದ ಪ್ರಮಾಣಪತ್ರ ಒಂದಕ್ಕೊಂದು ಎಲ್ಲಿ ಹೊಂದುವುದಿಲ್ಲ ಎಂಬುದು ಕಣ್ಣಿಗೆ ಬೀಳತೊಡಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪರವಾನಗಿ ಕೇಳುವವರು ಸಾಮಾನ್ಯವಾಗಿ 6,000 ಗಂಟೆಗಳ, ಅಂದರೆ ಮೂರು ವರ್ಷಗಳ, ಸಂಬಳದ ತನಿಖಾ ಅನುಭವ ತೋರಿಸಬೇಕು. ಅಲ್ಲಿ ಲೆಕ್ಕಕ್ಕೆ ಬರುವುದು ಮಾಡಿದ ಕೆಲಸ. ಕಾನೂನೇ ಬೇಕೆಂದರೆ ಮೂರು ವರ್ಷದ ಎಲ್‌ಎಲ್‌ಬಿ ಇದೆ; ಆ ಪದವಿ ಕಸುಬು ಬಿಟ್ಟರೂ ಉಳಿಯುತ್ತದೆ.

ಇಷ್ಟಾದರೂ ಕೋರ್ಸಿಗೆ ಸೇರಲು ಮನಸ್ಸಿದ್ದರೆ, ಹಣ ಕೊಡುವ ಮುಂಚೆ ನಾಲ್ಕಾರು ಏಜೆನ್ಸಿಗಳಿಗೆ ಫೋನ್ ಮಾಡಿ, ‘ಈ ಸರ್ಟಿಫಿಕೇಟ್ ಇದ್ದವರನ್ನು ನೀವು ತೆಗೆದುಕೊಂಡಿದ್ದೀರಾ?’ ಎಂದು ನೇರವಾಗಿ ಕೇಳಿ. ಹಿಂದೆ ಕಲಿತ ಇಬ್ಬರ ಜೊತೆ ಮಾತಾಡಿಸಿ ಎಂದು ಸಂಸ್ಥೆಯವರನ್ನು ಕೇಳಿ. ಕೆಲಸ ಕೊಡುತ್ತೇವೆಂದು ಮೊದಲೇ ರಿಜಿಸ್ಟ್ರೇಷನ್, ಯೂನಿಫಾರ್ಮ್, ಐಡಿ ಕಾರ್ಡಿನ ಹಣ ಕೇಳಿದರೆ ಮಾತು ಅಲ್ಲಿಗೆ ಮುಗಿಸಿ. ‘ಇವತ್ತೇ ಕಟ್ಟಿದರೆ ಅರ್ಧ ಶುಲ್ಕ’ ಎನ್ನುವವರಿಗೂ ಅದೇ ಉತ್ತರ.

ಈಗಾಗಲೇ ಕಟ್ಟಿ ಕೈಸುಟ್ಟುಕೊಂಡವರು ನಾಚಿಕೆಯಿಂದ ಸುಮ್ಮನಿರಬಾರದು. ಜಾಹೀರಾತಿನ ಚಿತ್ರ, ವಾಟ್ಸ್‌ಆ್ಯಪ್ ಮಾತುಕತೆ, ಯುಪಿಐ ರಸೀದಿ ತೆಗೆದಿಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆನ್‌ಲೈನಿನಲ್ಲಿ ಹಣ ಪಡೆದು ಮಾಯವಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ, ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಲ್ಲದು. ಅದಕ್ಕೆ ಯಾರಾದರೊಬ್ಬರು ದೂರು ಬರೆದು ಕಳಿಸಬೇಕು.