ಹಿರಿಯರನ್ನು ಕೂರಿಸಿಡುವುದು ಸೇವೆಯಲ್ಲ

ನಮ್ಮ ಮನೆಗಳಲ್ಲಿ ವಯಸ್ಸಾದವರಿಗೆ ಗೌರವ ಹೆಚ್ಚು. ಅಬ್ಬಾ ಎದ್ದು ನಿಂತರೆ ಮಗ ಓಡಿ ಬರುತ್ತಾನೆ. ದಾದಿ ನೀರು ಕೇಳುವ ಮೊದಲೇ ಸೊಸೆ ಲೋಟ ತಂದಿಡುತ್ತಾಳೆ. ಅಂಗಡಿಗೆ ಹೋಗಲು ಮೊಮ್ಮಗನಿದ್ದಾನೆ, ಎರಡು ಬೀದಿ ಆಚೆಯ ಮಸೀದಿಗೆ ಸ್ಕೂಟರ್ ಇದೆ. ಹೆತ್ತವರ ಸೇವೆ ನಮ್ಮ ಕರ್ತವ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹಿರಿಯರಿಗೆ ಸಕ್ಕರೆ ಕಾಯಿಲೆ ಇದ್ದರೆ, ದಿನವಿಡೀ ಅವರನ್ನು ಕೂರಿಸಿಡುವ ಈ ಪ್ರೀತಿ ಅವರಿಗೇ ಕೇಡು ಮಾಡುತ್ತದೆ. ಕುಂದುವುದು ಕಾಲಿನ ಬಲ ಮಾತ್ರವಲ್ಲ, ನೆನಪಿನ ಶಕ್ತಿಯೂ ಕುಂದುತ್ತದೆ.

ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ ಎಂದು ಐಸಿಎಂಆರ್ ಬೆಂಬಲದ ಅಧ್ಯಯನವೊಂದು 2023ರಲ್ಲಿ ಅಂದಾಜು ಮಾಡಿತು. ರಾಜಾಜಿನಗರದಿಂದ ಕೆಂಗೇರಿಯವರೆಗೆ ನಮ್ಮ ಮನೆಗಳಲ್ಲಿ ಮಾತ್ರೆಯ ಡಬ್ಬಿ ಈಗ ಉಪ್ಪಿನ ಡಬ್ಬಿಯಷ್ಟೇ ಸಾಮಾನ್ಯ. ಸಕ್ಕರೆಯಿಂದ ಕಣ್ಣು, ಮೂತ್ರಪಿಂಡ, ಪಾದಗಳು ಹಾಳಾಗುತ್ತವೆ ಎಂಬುದು ನಮಗೆ ಗೊತ್ತು. ಆದರೆ ಅಲ್ಲಿನ ಸಣ್ಣ ರಕ್ತನಾಳಗಳನ್ನು ಕೆಡಿಸುವ ಸಕ್ಕರೆಯೇ ಮೆದುಳಿನ ಸಣ್ಣ ರಕ್ತನಾಳಗಳನ್ನೂ ಕೆಡಿಸುತ್ತದೆ. 2024ರಲ್ಲಿ ಲ್ಯಾನ್ಸೆಟ್ ಆಯೋಗವು ಮರೆವಿನ ಕಾಯಿಲೆಗೆ ದಾರಿ ಮಾಡುವ, ಆದರೆ ನಾವು ತಡೆಯಬಹುದಾದ 14 ಅಂಶಗಳನ್ನು ಹೆಸರಿಸಿತು. ಮಧುಮೇಹ ಅದರಲ್ಲಿ ಒಂದು, ದೇಹಕ್ಕೆ ಚಲನೆ ಇಲ್ಲದಿರುವುದು ಇನ್ನೊಂದು. ಕೂತೇ ಇರುವ ಮಧುಮೇಹಿಗೆ ಎರಡೂ ಸೇರಿರುತ್ತವೆ.

ಇದು ಸಣ್ಣ ಸಂಗತಿಯಲ್ಲ. ಇನ್ಸುಲಿನ್ ಚುಚ್ಚಿಕೊಂಡದ್ದು ಮರೆತು ಇನ್ನೊಮ್ಮೆ ಚುಚ್ಚಿಕೊಂಡರೆ ಪ್ರಾಣಕ್ಕೇ ಅಪಾಯ. ಊಟ ಮಾಡಿದೆನೋ ಇಲ್ಲವೋ, ಎಷ್ಟನೇ ರಕಅತ್‌ನಲ್ಲಿದ್ದೇನೆ ಎಂದು ಮತ್ತೆ ಮತ್ತೆ ಗೊಂದಲಪಡುವವರನ್ನು ಕಂಡಾಗ ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗಬೇಡಿ, ವೈದ್ಯರಿಗೆ ತೋರಿಸಿ.

ನಡೆದರೆ ಏನಾಗುತ್ತದೆ? ರಕ್ತದಲ್ಲಿರುವ ಸಕ್ಕರೆಯನ್ನು ಹೆಚ್ಚು ಬಳಸುವುದು ನಮ್ಮ ಸ್ನಾಯುಗಳು. ಕೆಲಸ ಮಾಡುವ ಸ್ನಾಯು ಇನ್ಸುಲಿನ್‌ಗಾಗಿ ಕಾಯದೆ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಒಮ್ಮೆ ನಡೆದದ್ದರ ಗುಣ ಒಂದೆರಡು ದಿನ ಉಳಿಯುತ್ತದೆ. ಅದಕ್ಕೇ ವ್ಯಾಯಾಮವಿಲ್ಲದೆ ಸತತ ಎರಡು ದಿನಕ್ಕಿಂತ ಹೆಚ್ಚು ಕಳೆಯಬಾರದು ಎನ್ನುತ್ತಾರೆ ವೈದ್ಯರು.

ಮೆದುಳಿನ ಮಾತಿಗೆ ಬಂದರೆ, ಅಮೆರಿಕದಲ್ಲಿ ‘ಲೈಫ್’ ಎಂಬ ಅಧ್ಯಯನದಲ್ಲಿ 70ರಿಂದ 89 ವರ್ಷದ, ಹೆಚ್ಚಾಗಿ ಕೂತೇ ಇರುತ್ತಿದ್ದ ಸಾವಿರದ ಆರುನೂರಕ್ಕೂ ಹೆಚ್ಚು ಮಂದಿ ಇದ್ದರು. ಕೆಲವರಿಗೆ ನಡಿಗೆ ಮತ್ತು ವ್ಯಾಯಾಮ, ಉಳಿದವರಿಗೆ ಆರೋಗ್ಯದ ತಿಳಿವಳಿಕೆ ಮಾತ್ರ. ಎರಡು ವರ್ಷದ ನಂತರ ಒಟ್ಟಾರೆ ನೋಡಿದಾಗ ನೆನಪು, ಬುದ್ಧಿಯ ಪರೀಕ್ಷೆಗಳಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ಮಧುಮೇಹ ಇದ್ದವರನ್ನು ಬೇರೆಯಾಗಿ ನೋಡಿದಾಗ ವ್ಯಾಯಾಮ ಮಾಡಿದವರಿಗೆ ಲಾಭ ಕಂಡಿತು. ವ್ಯಾಯಾಮ ಮರೆವಿನ ಕಾಯಿಲೆಯನ್ನು ವಾಸಿ ಮಾಡುತ್ತದೆ ಎಂದು ಇದರಿಂದ ಹೇಳಲಾಗದು. ಆದರೆ ‘ಈ ವಯಸ್ಸಿನಲ್ಲಿ ಇನ್ನೇನು ಪ್ರಯೋಜನ’ ಎಂದು ಮಧುಮೇಹಿಗಳು ಕೈಚೆಲ್ಲಬೇಕಿಲ್ಲ.

‘ಐದು ಹೊತ್ತು ನಮಾಝ್ ಮಾಡುತ್ತೇವೆ, ಅದೇ ವ್ಯಾಯಾಮವಲ್ಲವೇ?’ ಎಂದು ಕೇಳುವವರಿದ್ದಾರೆ. ನಮಾಝ್ ಇಬಾದತ್. ಅದರಿಂದ ಕೀಲುಗಳಿಗೆ ಚಲನೆ ಸಿಗುವುದು ನಿಜ. ಆದರೆ ಸಕ್ಕರೆ ಇಳಿಯಲು ಉಸಿರು ಸ್ವಲ್ಪ ಬಿರುಸಾಗುವಂತೆ ನಡೆಯಬೇಕು: ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು. ಮಸೀದಿಗೆ ಇಡುವ ಪ್ರತಿ ಹೆಜ್ಜೆಗೂ ಪ್ರತಿಫಲವಿದೆ ಎಂದು ನಂಬುವ ನಾವು ಆ ಹೆಜ್ಜೆಗಳನ್ನು ಸ್ಕೂಟರಿಗೆ ಒಪ್ಪಿಸುವುದೇಕೆ? ನಡೆಯಬಲ್ಲ ಅಬ್ಬಾ ಜೊತೆ ನೀವೂ ನಡೆದುಹೋಗಿ.

ವಾರಕ್ಕೆ ಕನಿಷ್ಠ 150 ನಿಮಿಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದೇ ಸಲ ಆಗದಿದ್ದರೆ ಊಟವಾದ ಮೇಲೆ ಹತ್ತು ಹದಿನೈದು ನಿಮಿಷದಂತೆ ಹಂಚಿಕೊಳ್ಳಿ. ಊಟದ ನಂತರ ಏರುವ ಸಕ್ಕರೆಗೆ ಅದು ಇನ್ನೂ ಒಳ್ಳೆಯದು. ಜೊತೆಗೆ ವಾರದಲ್ಲಿ ಮೂರು ದಿನವಾದರೂ ಗಟ್ಟಿ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತಿ ನಿಲ್ಲುವುದು ಮಾಡಿದರೆ ತೊಡೆಗೆ ಬಲ ಬರುತ್ತದೆ, ಬೀಳುವ ಭಯ ತಗ್ಗುತ್ತದೆ.

ಇದರಲ್ಲಿ ನಾವು ಹೆಚ್ಚು ಮರೆತಿರುವುದು ಮನೆಯ ಹಿರಿಯ ಹೆಂಗಸರನ್ನು. ಗಂಡಸರಿಗೆ ಮಸೀದಿಯ ದಾರಿಯಾದರೂ ಇದೆ. ಅಮ್ಮಿಗೆ, ನಾನಿಗೆ ಅದೂ ಇಲ್ಲ. ಬೆಳಗ್ಗೆ ಅಡುಗೆಮನೆ ಬಿಟ್ಟು ಬರಲು ಆಗದವರಿಗೆ ಒಂದು ಅನುಕೂಲವಿದೆ. ಬೆಂಗಳೂರಿನ ಪಾಲಿಕೆ ಉದ್ಯಾನಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು 2024ರಲ್ಲಿ ಆದೇಶವಾಗಿದೆ. ವಿಜಯನಗರ, ಬಸವೇಶ್ವರನಗರದ ಕೆಲವು ಬೀದಿಗಳಲ್ಲಿ ಫುಟ್‌ಪಾತ್ ಮೇಲೆ ಬೈಕ್‌ಗಳೇ ನಿಂತಿರುತ್ತವೆ, ಅಲ್ಲಿ ನಡೆಯುವುದಕ್ಕಿಂತ ಉದ್ಯಾನವೇ ಸುರಕ್ಷಿತ. ಬುರ್ಖಾ ತೊಟ್ಟೇ ನಡೆಯಬಹುದು. ಅಕ್ಕಪಕ್ಕದ ಮೂವರು ಹೆಂಗಸರು ಸೇರಿದರೆ ಸಂಕೋಚವೂ ಇಲ್ಲ.

ಕೆಲವು ಎಚ್ಚರಿಕೆಗಳು ಬೇಕು. ಎದೆನೋವು, ಕಣ್ಣಿನ ನರದ ತೊಂದರೆ, ಪಾದದಲ್ಲಿ ಹುಣ್ಣು ಇದ್ದವರು ಮೊದಲು ವೈದ್ಯರನ್ನು ಕೇಳಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ನಡೆಯುವಾಗ ಸಕ್ಕರೆ ತೀರಾ ಇಳಿಯಬಹುದು. ಬೆವರು, ನಡುಕ, ಮಂಪರು ಕಂಡರೆ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಯಬೇಕು. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ಉಪವಾಸದ ದಿನಗಳಲ್ಲಿ ಇಫ್ತಾರ್‌ಗೆ ಮೊದಲು ಬಿರುಸು ನಡಿಗೆ ಬೇಡ. ಬರಿಗಾಲಲ್ಲಿ ನಡೆಯಬಾರದು. ಪಾದದ ಸ್ಪರ್ಶಜ್ಞಾನ ಕಡಿಮೆಯಾದವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯದು. ವುಝೂ ಮಾಡುವಾಗ ದಿನಕ್ಕೆ ಐದು ಸಲ ಪಾದ ಕೈಗೆ ಸಿಗುತ್ತದೆ. ಒಂದು ಸಲವಾದರೂ ಅಂಗಾಲು ನೋಡಿ, ಬೆರಳುಗಳ ಸಂದಿಯನ್ನು ಒಣಬಟ್ಟೆಯಿಂದ ಒರೆಸಿ.

ಮಸೀದಿ ಕಮಿಟಿಗಳು ಫಜ್ರ್ ಬಳಿಕ ಹಿರಿಯರನ್ನು ಅರ್ಧ ಗಂಟೆ ಒಟ್ಟಾಗಿ ನಡೆಸುವ ಏರ್ಪಾಡು ಮಾಡಲಿ. ಅದಕ್ಕೆ ಹಣ ಬೇಡ, ಮುಂದಾಳಾಗಿ ಇಬ್ಬರು ಯುವಕರು ಸಾಕು. ಮನೆಯಲ್ಲಿ ನೀವು ಮಾಡಬೇಕಾದದ್ದು ಇನ್ನೂ ಸರಳ. ನೀರಿನ ಲೋಟವನ್ನು ದಾದಿಯೇ ಎದ್ದು ತೆಗೆದುಕೊಳ್ಳಲಿ. ದೇಹ ಅಲ್ಲಾಹನು ಒಪ್ಪಿಸಿದ ಅಮಾನತ್. ಹಿರಿಯರ ಅಮಾನತ್ ಕಾಯುವುದರಲ್ಲಿ ನಮ್ಮ ಪಾಲೂ ಇದೆ. ಇಂದು ರಾತ್ರಿ ಊಟವಾದ ಮೇಲೆ ಟಿವಿ ಆರಿಸಿ, ಅವರ ಕೈ ಹಿಡಿದು ಬೀದಿಯ ಕೊನೆಯವರೆಗೆ ಹೋಗಿ ಬನ್ನಿ.