ತಿಪ್ಪೆಯ ಮೇಲೆ ಬಿದ್ದವನು ಬರೀ ರೂಪಕವೆ?

ಕನ್ನಡದಲ್ಲಿ ಏಡ್ಸ್ ಕಾವ್ಯ ಎಲ್ಲಿದೆ ಎಂದು ಸೆಮಿನಾರುಗಳಲ್ಲಿ ಕೇಳುತ್ತಾರೆ. ಕೇಳುವವರ ಕೈಯಲ್ಲಿ ಥಾಮ್ ಗನ್‌ನ 1992ರ ಸಂಕಲನವಿರುತ್ತದೆ. ಪಾಲ್ ಮೊನೆಟ್ ತೀರಿಹೋದ ಸಂಗಾತಿಗಾಗಿ ಬರೆದು 1988ರಲ್ಲಿ ಪ್ರಕಟಿಸಿದ 18 ಶೋಕಗೀತೆಗಳಿರುತ್ತವೆ. ದೊಡ್ಡ ಕವಿತೆಗಳೇ, ತಕರಾರಿಲ್ಲ. ತಕರಾರಿರುವುದು ಅದರ ಹಿಂದೆಯೇ ಬರುವ ಮಾತಿನ ಬಗ್ಗೆ: ರೋಗದ ಮೈಯನ್ನು ಕಾವ್ಯದ ನಡುಮನೆಯಲ್ಲಿ ಕೂರಿಸುವ ಎದೆಗಾರಿಕೆ ನಮ್ಮ ಪರಂಪರೆಗೆ ಇಲ್ಲವಂತೆ.

ನನ್ನ ಊರು ಬೆಳಕವಾಡಿ. ನಮ್ಮ ಮಳವಳ್ಳಿ ತಾಲ್ಲೂಕಿನದೇ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆಯಿದೆ. ತಂಬೂರಿ ಹಿಡಿದ ನೀಲಗಾರರು ಹಾಡುವ ಕಥೆಯಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಬರುವುದು ಕುಷ್ಠ ಹಿಡಿದ ಮೈಯಲ್ಲಿ. ಕೀವು, ನಾತ, ನೊಣ. ಶರಣರು ಮೂಗು ಮುಚ್ಚಿಕೊಂಡು ಅಟ್ಟುತ್ತಾರೆ. ಬಸವಣ್ಣ ಅವನನ್ನು ಹುಡುಕಿಕೊಂಡು ತಿಪ್ಪೆಗೇ ಬರಬೇಕಾಗುತ್ತದೆ.

ನಮ್ಮ ವಿಮರ್ಶೆ ಇದನ್ನು 'ಪರೀಕ್ಷೆ' ಎನ್ನುತ್ತದೆ, 'ಜಾತಿಯ ರೂಪಕ' ಎನ್ನುತ್ತದೆ. ಜಾತಿಯ ಓದು ಬೇಕೇ ಬೇಕು. ಆದರೆ ಆ ಅವಸರದಲ್ಲಿ ನಾತವನ್ನು ಒಂದೇ ನೆಗೆತಕ್ಕೆ ದಾಟಿಬಿಡುತ್ತೇವೆ. ಹಾಡುವವರು ದಾಟುವುದಿಲ್ಲ, ಅಲ್ಲೇ ನಿಲ್ಲುತ್ತಾರೆ. ರೋಗ ಅವನೇ ಹೊತ್ತುಕೊಂಡ ವೇಷ ತಾನೆ ಎನ್ನಬಹುದು. ಇರಲಿ, ಅಟ್ಟಿದವರಿಗೆ ಅದು ವೇಷವೆಂದು ಗೊತ್ತಿತ್ತೆ?

ಏಡ್ಸ್ ಬಗ್ಗೆ ಕನ್ನಡ ಹಾಡೇ ಇಲ್ಲವೆಂದಲ್ಲ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಬೀದಿನಾಟಕದವರು ಬರುತ್ತಿದ್ದರು. ಅವರ ಹಾಡುಗಳಲ್ಲಿ ರೋಗಿ ಎಂದರೆ ದಾರಿ ತಪ್ಪಿದವನು, ಉಳಿದವರಿಗೆ ಎಚ್ಚರಿಕೆಯ ಬೋರ್ಡು. ಅಳುವುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಅದೇ ಕಾಲಕ್ಕೆ ನಮ್ಮ ಬೀದಿಯಲ್ಲಿ ಒಬ್ಬ ಲಾರಿ ಡ್ರೈವರ್ ತೀರಿಕೊಂಡ. ಟಿಬಿ ಎಂದರು. ಹೆಣದ ಮುಂದೆ ಭಜನೆಗೆ ಜನ ಕೂರಲಿಲ್ಲ. ಹನ್ನೊಂದು ಮುಗಿಯುವುದೇ ತಡ, ಹೆಂಡತಿಯನ್ನು ತವರಿಗೆ ಕಳಿಸಿದರು. ಸರ್ಕಾರ ಉಚಿತವಾಗಿ ಎಆರ್‌ಟಿ ಮಾತ್ರೆ ಕೊಡಲು ಶುರುಮಾಡಿದ್ದು 2004ರಲ್ಲಿ. ಮಾತ್ರೆ ಬಂತು, ಭಜನೆ ಬರಲಿಲ್ಲ.

ಇನ್ನು 'ಹೆಸರು ಹೇಳಿ ಅಳಿ' ಎಂಬ ಉಪದೇಶ. 1987ರಲ್ಲಿ ವಾಷಿಂಗ್ಟನ್ನಿನಲ್ಲಿ ಸತ್ತವರ ಹೆಸರು ಹೊಲಿದ ಕೌದಿಗಳನ್ನು ಹಾಸಿದಾಗ ಹೆಸರೇ ಹೋರಾಟವಾಗಿತ್ತು. ಇಲ್ಲಿ ಗಂಡನ ಹೆಸರು ಹೇಳಿದರೆ ಹೆಂಡತಿಯ ಕೂಲಿ ತಪ್ಪುತ್ತದೆ, ಮಗಳ ಮದುವೆ ಮುರಿಯುತ್ತದೆ. ಒಪ್ಪಿಗೆಯಿಲ್ಲದೆ ಒಬ್ಬರ ಎಚ್‌ಐವಿ ಸ್ಥಿತಿ ಬಯಲು ಮಾಡಬಾರದೆಂದು 2017ರಲ್ಲಿ ಕಾನೂನೇ ಬಂತು. ಆ ಹೆಂಗಸಿನ ಮೌನವನ್ನು ಹೇಡಿತನ ಎಂದು ಓದುವುದು ಹೊಟ್ಟೆ ತುಂಬಿದವರ ವಿಮರ್ಶೆ.

ಮಂಟೇಸ್ವಾಮಿಯ ಕಥೆ ನನಗೆ ಬೇಕಾಗುವುದು ಇಲ್ಲಿ. ಕೊಳೆತ ಮೈಯ ಮುಂದೆ ತಲೆ ತಗ್ಗಿಸಿ ನಿಂತ ಬಸವಣ್ಣ, ಈ ರೋಗ ಎಲ್ಲಿಂದ ಹತ್ತಿಸಿಕೊಂಡೆ ಎಂದು ವಿಚಾರಣೆ ಮಾಡುವುದಿಲ್ಲ. ನಮ್ಮ ಜಾಗೃತಿಗೀತೆಗಳಿಗೆ ಗೊತ್ತಿದ್ದದ್ದು ಅದೊಂದೇ ಪ್ರಶ್ನೆ.

ಮುಂದಿನ ಸೆಮಿನಾರಿನಲ್ಲಿ ಗನ್ ಬಗ್ಗೆ ಧಾರಾಳವಾಗಿ ಮಾತಾಡೋಣ. ನೀಲಗಾರರನ್ನೂ ಕರೆಯೋಣ. ಉದ್ಘಾಟನೆಗೆ ಎರಡು ಪದ ಹಾಡಿಸಿ, ಶಾಲು ಹೊದಿಸಿ, ಗೋಷ್ಠಿ ಶುರುವಾಗುವ ಮೊದಲೇ ಊಟಕ್ಕೆ ಕಳಿಸುವುದು ಬೇಡ.